ಮೂರು ದಿನದ ತರಬೇತಿಯಲ್ಲಿ ಪಾಸಾದವರು ಲೈನ್‌ನಲ್ಲಿ ಏಕೆ ತಡವರಿಸುತ್ತಾರೆ?

ಪ್ರಶ್ನೆ: ದೊಡ್ಡಬಳ್ಳಾಪುರದ ಕಡೆ ಶರ್ಟ್ ಹೊಲಿಯುವ ಒಂದು ಗಾರ್ಮೆಂಟ್ಸ್‌ನಲ್ಲಿ ತರಬೇತಿ ನೋಡಿಕೊಳ್ಳುತ್ತೇನೆ. ಹೆಲ್ಪರ್‌ಗಳನ್ನು ಟೈಲರ್ ಮಾಡಲು ದಿನಕ್ಕೆ ಎಂಟು ಗಂಟೆಯಂತೆ ಮೂರು ದಿನ ಕೊಡುತ್ತೇವೆ. ಮೊದಲ ದಿನ ಪೂರ್ತಿ ಪ್ರೊಜೆಕ್ಟರ್ ಪಾಠ, ಉಳಿದೆರಡು ದಿನ ಮೆಷಿನ್. ಮೂರನೇ ದಿನ ಸಂಜೆ ಪರೀಕ್ಷೆ, ಬಹುತೇಕ ಎಲ್ಲರೂ ಪಾಸ್. ವಾರ ಬಿಟ್ಟು ಲೈನ್‌ನಲ್ಲಿ (ಶರ್ಟ್ ತಯಾರಾಗುವ ಮೆಷಿನ್ ಸಾಲಿನಲ್ಲಿ) ನೋಡಿದರೆ ಅರ್ಧ ಮರೆತಿರುತ್ತಾರೆ, ಆಲ್ಟರ್ (ಬಿಚ್ಚಿ ಸರಿಪಡಿಸಬೇಕಾದ ಪೀಸ್) ರಾಶಿ ಬೀಳುತ್ತದೆ. ವಯಸ್ಸು 19ರಿಂದ 45ರವರೆಗೆ ಇದೆ. ಕೆಲವರಿಗೆ ಓದು ಬರಹ ಕಡಿಮೆ, ಕೆಲವರು ಒಡಿಶಾ, ಜಾರ್ಖಂಡ್ ಕಡೆಯವರು. ವಯಸ್ಕರಿಗೆ ಕಲಿಸುವ ರೀತಿಯೇ ಬೇರೆ ಎಂದು ಕನ್ಸಲ್ಟೆಂಟ್ ಒಬ್ಬರು ಹೇಳಿದರು. ಓದಿದ್ದು ಶೇ 10 ಉಳಿಯುತ್ತದೆ, ಮಾಡಿದ್ದು ಶೇ 90 ಉಳಿಯುತ್ತದೆ ಎಂಬ ಚಿತ್ರವನ್ನೂ ತೋರಿಸಿದರು. ನಾವು ನಿಜಕ್ಕೂ ಏನು ಬದಲಿಸಬೇಕು?

ಉತ್ತರ:

ಮೊದಲು ಬದಲಾಗಬೇಕಾದ್ದು ಪರೀಕ್ಷೆಯ ದಿನ. ಮೂರನೇ ದಿನದ ಸಂಜೆ ಹೊತ್ತಿಗೆ ಅದೇ ಮೆಷಿನ್, ಅದೇ ಬಟ್ಟೆ, ಅದೇ ಟ್ರೈನರ್ ಮುಂದೆ ಎರಡು ದಿನ ಕೈಯಾಡಿಸಿರುತ್ತಾರೆ. ಆಗ ಕಾಣುವುದು ಆ ಹೊತ್ತಿನ ಚುರುಕು. ಕಲಿತದ್ದು ನಿಂತಿದೆಯೇ ಇಲ್ಲವೇ ಎಂಬುದು ನಡುವೆ ನಾಲ್ಕಾರು ದಿನ ಬಿಟ್ಟು ಮಾಡಿಸಿದಾಗ ಮಾತ್ರ ಗೊತ್ತಾಗುತ್ತದೆ. ಇವೆರಡೂ ಒಂದೇ ಅಂದುಕೊಳ್ಳುವುದರಿಂದಲೇ ‘ಪಾಸಾಗಿದ್ದರು, ಆಮೇಲೆ ಏನಾಯಿತೋ’ ಎಂಬ ಒಗಟು ಹುಟ್ಟುವುದು. ಆಮೇಲೆ ಏನೂ ಆಗಿರುವುದಿಲ್ಲ. ಆ ಸಂಜೆಯೇ ಕಲಿಕೆ ಪೂರ್ತಿಯಾಗಿರಲಿಲ್ಲ, ಅಷ್ಟೆ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಎರಡು ಪ್ರಯೋಗಗಳನ್ನು ನಿಮ್ಮ ಮ್ಯಾನೇಜರ್ ಮುಂದೆ ಇಡಬಹುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಅರ್ಧ ಪಾಲು ಸಂದರ್ಭದಲ್ಲಿ ಮತ್ತೆ ಓದಿಸಿದರು, ಉಳಿದರ್ಧದಲ್ಲಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ತುಸು ಮುಂದಿತ್ತು. ಒಂದು ವಾರದ ನಂತರ ಲೆಕ್ಕ ಉಲ್ಟಾ: ನೆನಪಿನಿಂದ ಬರೆದಿದ್ದಲ್ಲಿ ಶೇ 56, ಮತ್ತೆ ಓದಿದ್ದಲ್ಲಿ ಶೇ 42 ಉಳಿದಿತ್ತು. ಅದು ಓದಿನ ಪಾಠ, ಹೊಲಿಗೆಯಲ್ಲ ಎಂದು ಯಾರಾದರೂ ತಕರಾರು ಮಾಡಿದರೆ ಎರಡನೆಯದು ಕೈಕೆಲಸದ್ದೇ. ಬ್ರಿಟನ್ನಿನ ಅಂಚೆ ಇಲಾಖೆ ಪೋಸ್ಟ್‌ಕೋಡ್ ಒತ್ತುವ ಯಂತ್ರಗಳನ್ನು ತಂದಾಗ ಅಂಚೆ ನೌಕರರಿಗೆ ಕೀಬೋರ್ಡ್ ಕಲಿಸಬೇಕಾಗಿ ಬಂತು. ಬ್ಯಾಡ್ಲಿ ಮತ್ತು ಲಾಂಗ್‌ಮನ್ 1978ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಒಂದು ಗುಂಪಿಗೆ ದಿನಕ್ಕೆ ಒಂದೇ ಗಂಟೆ ಅಭ್ಯಾಸ, ಇನ್ನೊಂದಕ್ಕೆ ಎರಡೆರಡು ಗಂಟೆಯ ಎರಡು ಪಾಳಿ. ನಡುವಣ ಗುಂಪುಗಳೂ ಇದ್ದವು. ಕೀಲಿಗಳ ಜಾಗ ಕೈಗೆ ಬರಲು ಮೊದಲ ಗುಂಪಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು, ದಿನಕ್ಕೆ ನಾಲ್ಕು ಗಂಟೆಯವರಿಗೆ ಸುಮಾರು 50 ಗಂಟೆ ಬೇಕಾಯಿತು. ಒಂದು ಗಂಟೆಯವರು ಮುಗಿಸಲು ಹೆಚ್ಚು ದಿನ ತೆಗೆದುಕೊಂಡರು, ಅದು ಸಹಜ. ಸ್ವಾರಸ್ಯ ಬೇರೆ ಕಡೆ ಇದೆ. ತಮ್ಮ ವೇಳಾಪಟ್ಟಿಯ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದು ಆ ಒಂದು ಗಂಟೆಯವರಿಗೇ, ಏಕೆಂದರೆ ತಾವು ಹಿಂದೆ ಬಿದ್ದಿದ್ದೇವೆ ಅನ್ನಿಸುತ್ತಿತ್ತು. ಕಲಿಯುವವರು ತುಂಬಿಕೊಟ್ಟ ಫೀಡ್‌ಬ್ಯಾಕ್ ಹಾಳೆ ನೋಡಿ ವೇಳಾಪಟ್ಟಿ ನಿರ್ಧರಿಸಿದರೆ ತಪ್ಪು ವೇಳಾಪಟ್ಟಿಯೇ ಗೆಲ್ಲುತ್ತದೆ.

ನಿಮ್ಮ 24 ಗಂಟೆಯನ್ನು ಹೆಚ್ಚಿಸಬೇಕಾಗಿಲ್ಲ, ಹರಡಿದರೆ ಸಾಕು. ದಿನಕ್ಕೆ ಎರಡು ಗಂಟೆಯಂತೆ 12 ಕೆಲಸದ ದಿನ. ಆ ಎರಡು ಗಂಟೆಯನ್ನೂ ಬೆಳಿಗ್ಗೆ ಒಂದು, ಊಟದ ನಂತರ ಒಂದು ಎಂದು ಒಡೆದರೆ ಇನ್ನೂ ಒಳ್ಳೆಯದು. ಉಳಿದ ಹೊತ್ತು ಅವರು ಹೆಲ್ಪರ್ ಕೆಲಸದಲ್ಲೇ ಇರಲಿ. ಪ್ರೊಡಕ್ಷನ್‌ನವರು ಇದನ್ನು ಬೇಗ ಒಪ್ಪುತ್ತಾರೆ, ಏಕೆಂದರೆ ಎಂಟು ಜನ ಒಟ್ಟಿಗೆ ಮೂರು ದಿನ ಲೈನ್‌ನಿಂದ ಮಾಯವಾಗುವ ತಲೆನೋವು ಅವರಿಗೂ ಇಲ್ಲ. ಜೊತೆಗೆ, ಬೆಳಿಗ್ಗೆ ಮೂಲೆ ತಿರುಗಿಸುವುದನ್ನು ಕಲಿತ ಹುಡುಗಿ ಮಧ್ಯಾಹ್ನ ದಾರ ಕತ್ತರಿಸುತ್ತ ಕೂತಾಗ ನೂರಾರು ಮೂಲೆಗಳು ಅವಳ ಕೈಮೇಲೆ ಹಾದುಹೋಗುತ್ತವೆ. ಕಲಿತ ಕಣ್ಣಿಗೆ ಅವು ಬೇರೆಯಾಗಿಯೇ ಕಾಣುತ್ತವೆ.

ಪ್ರತಿ ಅವಧಿಯ ಮೊದಲ ಹತ್ತು ನಿಮಿಷ ಟ್ರೈನರ್ ಮಾತಾಡಬಾರದು. ‘ನಿನ್ನೆ ಮಾಡಿದ್ದನ್ನು ಒಂದು ಸಲ ಮಾಡಿ ತೋರಿಸಿ’ ಎಂದು ಸುಮ್ಮನಿರಬೇಕು. ತಡವರಿಸುತ್ತಾರೆ, ತಪ್ಪುತ್ತಾರೆ. ಆ ತಡವರಿಕೆಯಲ್ಲೇ ನೆನಪು ಗಟ್ಟಿಯಾಗುವುದು. ಕೈ ನಿಂತೊಡನೆ ಹೇಳಿಕೊಟ್ಟುಬಿಡುವ ಟ್ರೈನರ್ ಒಳ್ಳೆಯವರೆನಿಸಿಕೊಳ್ಳುತ್ತಾರೆ, ಆದರೆ ನೆನಪಿಸಿಕೊಳ್ಳುವ ಕೆಲಸವನ್ನು ಕಲಿಯುವವರಿಂದ ಕಿತ್ತುಕೊಂಡಿರುತ್ತಾರೆ.

ವಯಸ್ಕರ ವಿಷಯ

ವಯಸ್ಕರಿಗೆ ಕಲಿಸುವ ರೀತಿಯೇ ಬೇರೆ ಎಂಬ ಮಾತನ್ನು ಹೆಚ್ಚು ಪ್ರಚಾರಕ್ಕೆ ತಂದವರು ಅಮೆರಿಕದ ಮಾಲ್ಕಂ ನೋಲ್ಸ್. 1970ರ ತಮ್ಮ ಪುಸ್ತಕದಲ್ಲಿ ಮಕ್ಕಳಿಗೆ ಕಲಿಸುವುದನ್ನೂ ವಯಸ್ಕರಿಗೆ ಕಲಿಸುವುದನ್ನೂ ಎದುರುಬದುರು ನಿಲ್ಲಿಸಿದ್ದರು. 1980ರ ಪರಿಷ್ಕೃತ ಆವೃತ್ತಿಯ ಹೊತ್ತಿಗೆ ಉಪಶೀರ್ಷಿಕೆಯನ್ನೇ ಬದಲಿಸಿ, ಒಂದರಿಂದ ಇನ್ನೊಂದಕ್ಕೆ ಸಾಗುವ ದಾರಿ ಎಂಬಂತೆ ಮಾಡಿದರು. ಅಂದರೆ ಅವರೇ ಆ ಗೋಡೆಯನ್ನು ಕೆಡವಿದರು. ಹೊಸ ಕೆಲಸಕ್ಕೆ ಬಂದ 40ರ ಹೆಂಗಸಿಗೂ 19ರ ಹುಡುಗನಿಗೂ ಮೊದಲ ದಿನಗಳಲ್ಲಿ ಬೇಕಾದ್ದು ಒಂದೇ: ಸ್ಪಷ್ಟವಾಗಿ ತೋರಿಸಿಕೊಡುವುದು. ‘ವಯಸ್ಕರು, ತಾವೇ ಕಂಡುಕೊಳ್ಳಲಿ’ ಎಂದು ಮೆಷಿನ್ ಮುಂದೆ ಕೂರಿಸಿ ಹೋಗುವುದು ಸೋಮಾರಿತನ. ಕೆಲಸ ಬಲ್ಲವರಿಗೆ ಮಾತ್ರ ಆ ಬಿಡುವು ಲಾಭ. ಗೊತ್ತಿರುವುದನ್ನೇ ಹಂತ ಹಂತವಾಗಿ ಹೇಳಿದರೆ ಅವರಿಗೆ ಅಡ್ಡಿಯೇ ಆಗುತ್ತದೆ ಎಂಬುದನ್ನು ಕಲಿಕೆಯ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ. ಆದ್ದರಿಂದ ವಯಸ್ಸು ನೋಡಿ ಗುಂಪು ಮಾಡಬೇಡಿ, ಐದು ಪೀಸ್ ಮಾಡಿಸಿ ನೋಡಿ ಗುಂಪು ಮಾಡಿ.

ಹಾಗಿದ್ದರೂ ವಯಸ್ಕರಲ್ಲಿ ನಿಜವಾಗಿಯೂ ಬೇರೆಯಾಗಿರುವ ಮೂರು ಸಂಗತಿಗಳಿಗೆ ತಯಾರಿ ಬೇಕು.

ಮೊದಲನೆಯದು ಹಳೆಯ ರೂಢಿ. ಮನೆಯಲ್ಲಿ ಕಾಲು ಮೆಷಿನ್ ತುಳಿದವರು ‘ನನಗೆ ಹೊಲಿಗೆ ಗೊತ್ತು’ ಎಂದೇ ಬರುತ್ತಾರೆ, ಗೊತ್ತೂ ಇರುತ್ತದೆ. ಆದರೆ ಅವರ ಪಾದ ಹಿಂದೆ ಮುಂದೆ ತೂಗುತ್ತದೆ. ಕಾರ್ಖಾನೆಯ ಪೆಡಲ್‌ನಲ್ಲಿ ಮುಂದಕ್ಕೆ ಒತ್ತಿದರೆ ಓಟ, ಹಿಮ್ಮಡಿ ಒತ್ತಿದರೆ ಆಟೋ ಟ್ರಿಮ್ಮರ್ ಇರುವ ಮೆಷಿನ್‌ನಲ್ಲಿ ದಾರ ಕತ್ತರಿಸಿಯೇ ಬಿಡುತ್ತದೆ. ಬಲಗೈ ತಾನಾಗಿಯೇ ಚಕ್ರಕ್ಕೆ ಹೋಗುತ್ತದೆ. ಬಟ್ಟೆಯನ್ನು ಹಿಂದಿನಿಂದ ಎಳೆಯುವ ಅಭ್ಯಾಸವಿದ್ದರೆ ಸೂಜಿ ಬಾಗಿ ಮುರಿಯುತ್ತದೆ. ಇವರಿಗೆ ‘ನೀವು ಕಲಿತದ್ದು ತಪ್ಪು’ ಎನ್ನಬೇಡಿ. ಯಾವುದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ (ಬಟ್ಟೆಯ ಅಡ್ಡ ಉದ್ದ ಗುರುತಿಸುವುದು, ಬಾಬಿನ್ ಹಾಕುವುದು, ದಾರದ ಬಿಗಿತದ ಅಂದಾಜು), ಯಾವುದು ಇಲ್ಲಿ ಬೇಡ ಎಂದು ಎರಡು ಪಾಲು ಮಾಡಿ ಮೊದಲೇ ಹೇಳಿ. ಪೆಡಲ್ ಅಭ್ಯಾಸಕ್ಕೆ ಹೊಸಬರಿಗಿಂತ ಹೆಚ್ಚು ಹೊತ್ತು ಕೊಡಬೇಕಾಗುವುದು ಇವರಿಗೇ.

ಎರಡನೆಯದು ಮರ್ಯಾದೆ. 45ರವರು 22ರವರ ಎದುರು ಸೋಲುವುದಕ್ಕಿಂತ ‘ನನಗೆ ಇಷ್ಟವಿಲ್ಲ’ ಎಂದು ಹೆಲ್ಪರ್ ಆಗಿಯೇ ಉಳಿಯಲು ಸಿದ್ಧರಿರುತ್ತಾರೆ. ಎಲ್ಲರೆದುರು ಅಂಕ ಓದಬೇಡಿ, ಬೋರ್ಡ್ ಮೇಲೆ ಹೆಸರಿನ ಮುಂದೆ ಸಂಖ್ಯೆ ಬರೆಯಬೇಡಿ. ಪ್ರತಿಯೊಬ್ಬರಿಗೂ ನಿನ್ನೆಯ ಅವರದೇ ಪೀಸ್ ಪಕ್ಕ ಇವತ್ತಿನದು ಇಟ್ಟು ತೋರಿಸಿ. ‘ಅಕ್ಕ’, ‘ಅಮ್ಮ’ ಎಂದು ಕರೆಯುವ ವಾಡಿಕೆ ಇರುವ ಕಡೆ ಹಾಗೆಯೇ ಕರೆಯಲಿ. ಏಕವಚನ ಟ್ರೈನಿಂಗ್ ಕೋಣೆಯೊಳಗೆ ಬೇಡವೇ ಬೇಡ.

ಮೂರನೆಯದು ಕಣ್ಣು. 40 ದಾಟಿದವರಿಗೆ ಹತ್ತಿರದ ದೃಷ್ಟಿ ಮಂಜಾಗುವುದು ಸಾಮಾನ್ಯ. ಸೂಜಿಗೆ ದಾರ ಹಾಕಲು ತಡಮಾಡುವವರನ್ನು ‘ನಿಧಾನ’ ಎಂದು ಬರೆದುಕೊಳ್ಳುವ ಮುನ್ನ ಓದುವ ಕನ್ನಡಕ ಹಾಕಿಸಿ ನೋಡಿ. ಸೂಜಿಯ ಹತ್ತಿರದ ಪುಟ್ಟ ಎಲ್‌ಇಡಿ ದೀಪ ಉರಿಯುತ್ತಿದೆಯೇ ಎಂಬುದನ್ನೂ. ತರಬೇತಿಯ ಕೊರತೆ ಎಂದು ಬರೆದಿಟ್ಟ ಎಷ್ಟೋ ಪ್ರಕರಣ ಇಲ್ಲೇ ಮುಗಿಯುತ್ತವೆ.

ಮೊದಲ ಆರು ದಿನ: ಮೆಷಿನ್ ಹಿಡಿತ

ಪ್ರೊಜೆಕ್ಟರ್ ದಿನವನ್ನು ತೆಗೆದುಬಿಡಿ. ಪ್ರಯತ್ನಿಸಿ ತಪ್ಪಿ ಕಲಿಯಲು ಬಿಡಬಾರದ ವಿಷಯಗಳು ಕೆಲವಿವೆ, ಅವನ್ನು ಮಾತ್ರ ಮೊದಲ ಗಂಟೆಯಲ್ಲಿ ಮೆಷಿನ್ ಪಕ್ಕದಲ್ಲೇ ಹೇಳಿ, ಅಲ್ಲೇ ಮಾಡಿಸಿ. ಸೂಜಿ ಬದಲಿಸುವಾಗ, ದಾರ ಹಾಕುವಾಗ ಸ್ವಿಚ್ ಆಫ್, ಪಾದ ಪೆಡಲ್‌ನಿಂದ ಹೊರಗೆ. ಸ್ವಿಚ್ ಆಫ್ ಮಾಡಿದರೂ ಕ್ಲಚ್ ಮೋಟಾರ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆಯೇ ಕೈ. ಫಿಂಗರ್ ಗಾರ್ಡ್, ಬೆಲ್ಟ್ ಕವರ್ ಇಲ್ಲದ ಮೆಷಿನ್ ಮುಟ್ಟುವಂತಿಲ್ಲ. ತಲೆಗೂದಲು ಕಟ್ಟಿರಬೇಕು, ದುಪಟ್ಟಾ ಏಪ್ರನ್ ಒಳಗಿರಬೇಕು. ಸೂಜಿ ಮುರಿದರೆ ಎಲ್ಲ ಚೂರೂ ಸಿಗುವವರೆಗೆ ಪೀಸ್ ಮುಂದೆ ಹೋಗುವಂತಿಲ್ಲ. ಬಾಕಿ ಎಲ್ಲ ಮಾಹಿತಿ, ಕಂಪನಿಯ ಇತಿಹಾಸವೂ ಸೇರಿ, ಬೇಕಾದ ದಿನ ಹೇಳಿದರಾಯಿತು.

ನಂತರ ದಾರವಿಲ್ಲದೆ ಕಾಗದ. ಅರ್ಧ ಇಂಚಿನ ಅಂತರದ ನೇರ ಗೆರೆ, ಚೌಕ, ಅಂಕುಡೊಂಕು, ಸುರುಳಿ ಪ್ರಿಂಟ್ ಮಾಡಿಸಿದ ಹಾಳೆಗಳು ಸಾಕು. ತೂತು ಗೆರೆಯ ಮೇಲಿದೆಯೋ ಇಲ್ಲವೋ ಕಲಿಯುವವರಿಗೇ ಕಾಣುತ್ತದೆ, ಟ್ರೈನರ್ ಬಂದು ಹೇಳಬೇಕಾಗಿಲ್ಲ. ಕಾಗದ ಸೂಜಿಯ ಮೊನೆ ತಿನ್ನುತ್ತದೆ, ಬಟ್ಟೆಗೆ ಬರುವ ಮುನ್ನ ಸೂಜಿ ಬದಲಿಸಿ; ಇದನ್ನು ಮರೆತು ‘ಹೊಲಿಗೆ ಬಿಡುತ್ತಿದೆ, ಹುಡುಗಿಗೆ ಬರುವುದಿಲ್ಲ’ ಎನ್ನುವವರಿದ್ದಾರೆ. ನೇರ ಗೆರೆಯಷ್ಟೇ ಮುಖ್ಯ ನಿಲ್ಲಿಸುವುದು: ‘ಐದು ಹೊಲಿಗೆ ಹಾಕಿ ನಿಲ್ಲಿ, ಮೂರು ಹಾಕಿ ನಿಲ್ಲಿ, ಒಂದೇ ಹಾಕಿ ನಿಲ್ಲಿ.’ ಒಂದೇ ಹೊಲಿಗೆ ಹಾಕಿ ನಿಲ್ಲಿಸಬಲ್ಲ ಪಾದಕ್ಕೆ ಮೂಲೆ ಕಷ್ಟವಾಗುವುದಿಲ್ಲ.

ವೇಗದ ಬಗ್ಗೆ ಎರಡೂ ಕಡೆ ತಪ್ಪಾಗುತ್ತದೆ. ಕಾರ್ಖಾನೆಯ ಲಾಕ್‌ಸ್ಟಿಚ್ ಮೆಷಿನ್ ನಿಮಿಷಕ್ಕೆ 4000ದಿಂದ 5000 ಹೊಲಿಗೆ ಹಾಕಬಲ್ಲದು; ಹೊಸಬರು ಬೆದರುತ್ತಾರೆ. ಸರ್ವೊ ಮೋಟಾರ್ ಇದ್ದರೆ ಕಂಟ್ರೋಲ್ ಬಾಕ್ಸ್‌ನಲ್ಲಿ ಗರಿಷ್ಠ ವೇಗವನ್ನು ಸಾವಿರದ ಆಸುಪಾಸಿಗೆ ಇಳಿಸಿಕೊಡಿ. ಆದರೆ 12 ದಿನವೂ ಅಲ್ಲೇ ಬಿಟ್ಟರೆ ಪೆಡಲ್ ಪೂರ್ತಿ ಒತ್ತುವುದೇ ರೂಢಿಯಾಗಿ, ಲೈನ್‌ನ ಮೆಷಿನ್‌ನಲ್ಲಿ ಮೊದಲ ಪೀಸೇ ಹಾಳಾಗುತ್ತದೆ. ನಾಲ್ಕನೇ ದಿನ 2000, ಏಳನೇ ದಿನ 3000, ಕೊನೆಯ ಎರಡು ದಿನ ಲೈನ್‌ನಲ್ಲಿರುವಷ್ಟೇ ವೇಗ ಎಂದು ಏರಿಸಿಕೊಂಡು ಹೋಗಿ.

ಬಟ್ಟೆಗೆ ಬಂದಾಗ ಅಂಚಿನಿಂದ ಕಾಲು ಇಂಚು ಬಿಟ್ಟು ಹೊಲಿಗೆ, ನಂತರ ಅಂಚಿನಿಂದ ಹದಿನಾರನೇ ಒಂದು ಇಂಚು ಬಿಟ್ಟು. ಒಂದು ಇಂಚಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ಸ್ಕೇಲ್ ಇಟ್ಟು ಅವರೇ ಎಣಿಸಲಿ. ಈ ಹಂತದಲ್ಲೇ ಮೂರು ಪುಟ್ಟ ಪರೀಕ್ಷೆಗಳನ್ನು ಕಲಿಸಿ, ಮೆಕ್ಯಾನಿಕ್‌ಗಾಗಿ ಕಾಯುವುದು ಅರ್ಧ ತಪ್ಪುತ್ತದೆ. ಸೂಜಿಯ ಮೇಲಿನ ಉದ್ದನೆಯ ತೋಡು (ಗ್ರೂವ್) ಎಡಕ್ಕೆ ಇರಬೇಕು. ತಿರುಗಿದ್ದರೆ ಹೊಲಿಗೆ ಬಿಡುತ್ತದೆ. ಬಾಬಿನ್‌ಗೆ ದಾರ ಐದನೇ ನಾಲ್ಕು ಪಾಲು ಸಾಕು, ಉಬ್ಬಿದರೆ ಕೇಸ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ದಾರದ ತುದಿ ಹಿಡಿದು ಬಾಬಿನ್ ಕೇಸ್ ತೂಗುಬಿಟ್ಟರೆ ತಾನಾಗಿ ಜಾರಬಾರದು, ಸ್ವಲ್ಪ ಕುಲುಕಿದರೆ ತುಸು ಇಳಿದು ನಿಲ್ಲಬೇಕು.

ಮೊದಲ ಎರಡು ದಿನ ಒಂದೊಂದೇ ಅಭ್ಯಾಸವನ್ನು ಸಾಲಾಗಿ ಮಾಡಿಸುವುದು ಸರಿ. ಮೂರನೇ ದಿನದಿಂದ ಕಲಸಿ: ಒಂದು ನೇರ, ಒಂದು ಮೂಲೆ, ಒಂದು ಸುತ್ತು, ಮತ್ತೆ ಮೂಲೆ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಕೈಚಳಕದ ಒಂದು ಪ್ರಯೋಗದಲ್ಲಿ ಇದನ್ನೇ ಕಂಡರು. ಒಂದನ್ನೇ ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು, ಹತ್ತು ದಿನದ ನಂತರ ಕಲಸಿ ಮಾಡಿದವರು ಮುಂದಿದ್ದರು. ಕಲಸಿದ ದಿನ ಟ್ರೈನಿಂಗ್ ಕೋಣೆ ಹದಗೆಟ್ಟಂತೆ ಕಾಣುತ್ತದೆ, ಆಗ ಮ್ಯಾನೇಜರ್ ಬಂದು ಹುಬ್ಬು ಗಂಟಿಕ್ಕಬಹುದು. ಅವರಿಗೆ ಮೊದಲೇ ಹೇಳಿಟ್ಟಿರಿ.

ಆಪರೇಷನ್ ಹಾಳೆ

ಏಳನೇ ದಿನದಿಂದ ಕಲಿಸಬೇಕಾದ್ದು, ಮುಂದೆ ಲೈನ್‌ನಲ್ಲಿ ಅವರಿಗೆ ಕೊಡಲಿರುವ ಒಂದೇ ಒಂದು ಆಪರೇಷನ್, ಅಂದರೆ ಶರ್ಟಿನ ಒಂದು ಭಾಗದ ಕೆಲಸ. ಇಲ್ಲಿ ಹೆಚ್ಚಿನ ಕಾರ್ಖಾನೆಗಳಿಗೆ ನಿಜವಾದ ಕೊರತೆ ಇರುವುದು ಟ್ರೈನರ್ ಕೈಯಲ್ಲಿ ಕೆಲಸವನ್ನು ಒಡೆದು ಬರೆದ ಹಾಳೆಯೇ ಇಲ್ಲದಿರುವುದು. ಒಬ್ಬೊಬ್ಬರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಾರೆ, ಲೈನ್‌ನ ಸೂಪರ್‌ವೈಸರ್ ಮೂರನೇ ರೀತಿ.

ಇದಕ್ಕೆ ಹಳೆಯ, ಗಟ್ಟಿ ವಿಧಾನವೊಂದಿದೆ. 1940ರಲ್ಲಿ ಅಮೆರಿಕ ಯುದ್ಧ ಸಾಮಗ್ರಿ ತಯಾರಿಕೆಗೆ ಇಳಿದಾಗ, ಕಾರ್ಖಾನೆಯನ್ನೇ ಕಂಡಿರದವರಿಗೆ ಬೇಗ ಕಲಿಸಲು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆ ಶುರುವಾಯಿತು. ಅದರ ಬೇರು ಮೊದಲ ಮಹಾಯುದ್ಧದ ಕಾಲದಲ್ಲಿ ಹಡಗುಕಟ್ಟೆಯ ಕೆಲಸಗಾರರಿಗಾಗಿ ಚಾರ್ಲ್ಸ್ ಅಲೆನ್ ರೂಪಿಸಿದ ನಾಲ್ಕು ಹೆಜ್ಜೆಯ ಪಾಠದಲ್ಲಿದೆ. ಯುದ್ಧಾನಂತರ ಅದು ಜಪಾನ್‌ಗೆ ಹೋಗಿ ಅಲ್ಲೇ ಬೇರೂರಿತು. ಟೊಯೋಟಾದಂಥ ಕಂಪನಿಗಳ ಕೆಲಸ ಕಲಿಸುವ ಕ್ರಮದಲ್ಲಿ ಇಂದಿಗೂ ಅದರ ಚಹರೆ ಇದೆ. ಹಾಳೆಯಲ್ಲಿ ಮೂರೇ ಕಾಲಂ: ಮುಖ್ಯ ಹಂತ, ಆ ಹಂತದ ಕೀಲಕ ಅಂಶ, ಅದಕ್ಕೆ ಕಾರಣ. ಕೀಲಕ ಅಂಶ ಎಂದರೆ ಕೆಲಸ ಕೆಡಿಸುವ, ಗಾಯ ಮಾಡುವ ಅಥವಾ ಕೆಲಸವನ್ನು ಸಲೀಸು ಮಾಡುವ ವಿಷಯ ಮಾತ್ರ. ಶರ್ಟಿನ ಪಾಕೆಟ್ ಕೂರಿಸುವುದಕ್ಕೆ ಹಾಳೆ ಹೀಗಿರಬಹುದು.

1. ಮುಂಭಾಗ ಹಾಸುವುದು. ಎರಡೂ ಡ್ರಿಲ್ ಗುರುತು (ಪಾಕೆಟ್ ಜಾಗ ತೋರಿಸುವ ಪುಟ್ಟ ತೂತು) ಕಾಣಬೇಕು. ಒಂದು ಮರೆಯಾದರೆ ಪಾಕೆಟ್ ಸೊಟ್ಟ.
2. ಐರನ್ ಆದ ಪಾಕೆಟ್ ಇಡುವುದು. ಗುರುತಿನ ತೂತು ಪಾಕೆಟ್ ಅಂಚಿನ ಒಳಗೆ ಮುಚ್ಚಬೇಕು. ಹೊರಗುಳಿದ ತೂತಿಗೆ ಆಲ್ಟರ್ ಇಲ್ಲ, ಮುಂಭಾಗವನ್ನೇ ಬದಲಿಸಬೇಕು.
3. ಮೇಲಿನ ಮೂಲೆಯಿಂದ ಶುರು. ಬ್ಯಾಕ್‌ಟ್ಯಾಕ್ (ಗಟ್ಟಿ ಮಾಡಲು ಹಿಂದಕ್ಕೆ ಹಾಕುವ ಹೊಲಿಗೆ) ಮೊದಲ ಹೊಲಿಗೆಯ ಮೇಲೆಯೇ ಬೀಳಬೇಕು. ಕೈ ಹಾಕಿದಾಗ ಜಗ್ಗುವುದು ಆ ಮೂಲೆ.
4. ಬದಿ ಹೊಲಿಯುವುದು. ಎಡಗೈ ಶರ್ಟಿನ ಬಟ್ಟೆಯ ಮೇಲೆ ಚಪ್ಪಟೆ, ಪಾಕೆಟ್ ಎಳೆಯಬಾರದು. ಎಳೆದರೆ ಸುಕ್ಕು ಬಿದ್ದು ಆಚೆ ಬದಿ ಗುರುತು ತಪ್ಪುತ್ತದೆ.
5. ಕೆಳಮೂಲೆ ತಿರುಗಿಸುವುದು. ಸೂಜಿ ಬಟ್ಟೆಯೊಳಗೆ, ಆಮೇಲೆ ಮೊಣಕಾಲಿನಿಂದ ಫೂಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಭಾಗ) ಎತ್ತುವುದು. ಸೂಜಿ ಮೇಲಿದ್ದರೆ ಬಟ್ಟೆ ಜಾರಿ ಮೂಲೆ ಹೊಲಿಗೆ ಹಾರುತ್ತದೆ.
6. ಆಚೆ ಮೇಲ್ಮೂಲೆಯಲ್ಲಿ ಬ್ಯಾಕ್‌ಟ್ಯಾಕ್, ದಾರ ಕತ್ತರಿಸಿ ನೋಡಿ ಇಡುವುದು. ಎರಡೂ ಮೇಲ್ಮೂಲೆ ಒಂದೇ ಮಟ್ಟದಲ್ಲಿವೆಯೇ? ಕಾಲರ್ ಕೂತ ಮೇಲೆ ಕಂಡರೆ ಬಿಚ್ಚುವುದು ದುಬಾರಿ.

ಆರೇಳು ಹಂತ ಮೀರಿದರೆ ಪಾಠವನ್ನು ಎರಡು ಮಾಡಿ. ಈ ಹಾಳೆಯನ್ನು ಅತ್ಯುತ್ತಮ ಟೈಲರ್ ಒಬ್ಬರನ್ನೇ ಕೇಳಿ ಬರೆಯಬೇಡಿ. ವರ್ಷಗಟ್ಟಲೆ ಮಾಡಿದವರಿಗೆ ಕೈ ಮಾಡುವುದು ಬಾಯಿಗೆ ಬರುವುದಿಲ್ಲ. ‘ಸುಮ್ಮನೆ ತಿರುಗಿಸೋದು ಅಷ್ಟೇ’ ಎನ್ನುತ್ತಾರೆ. ಅವರ ಕೈಯನ್ನು ಮೊಬೈಲ್‌ನ ಸ್ಲೋ ಮೋಷನ್‌ನಲ್ಲಿ ಹಿಡಿಯಿರಿ, ಜೊತೆಗೆ ಆರು ತಿಂಗಳ ಹಿಂದೆ ಕಲಿತ ಒಬ್ಬರನ್ನು ಕೂರಿಸಿಕೊಂಡು ‘ನಿಮಗೆ ಎಲ್ಲಿ ತಪ್ಪುತ್ತಿತ್ತು?’ ಎಂದು ಕೇಳಿ. ಕೀಲಕ ಅಂಶಗಳಲ್ಲಿ ಅರ್ಧ ಎರಡನೆಯವರಿಂದ ಬರುತ್ತವೆ. ಹಾಳೆ ಟ್ರೈನರ್‌ಗಾಗಿ, ಕಲಿಯುವವರಿಗೆ ಹಂಚಲು ಅಲ್ಲ.

ತೋರಿಸುವುದು, ಮಾಡಿಸುವುದು

ಕಲಿಯುವವರು ಟ್ರೈನರ್ ಎದುರಿಗಲ್ಲ, ಪಕ್ಕದಲ್ಲಿ ಕೂರಬೇಕು. ಎದುರು ನಿಂತರೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ಸೂಜಿ ಮೊನೆ ಮೂವರಿಗಿಂತ ಹೆಚ್ಚು ಜನಕ್ಕೆ ಕಾಣುವುದಿಲ್ಲ. ಆರು ಜನರ ತಂಡವಾದರೆ ಎರಡು ಸಲ ತೋರಿಸಿ, ಇಲ್ಲವೇ ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ ಟಿವಿಗೆ ಜೋಡಿಸಿ.

ಕ್ರಮ ಹೀಗೆ. ಮೊದಲ ಸಲ ಮಾಡುತ್ತ ಹಂತಗಳ ಹೆಸರು ಮಾತ್ರ ಹೇಳುವುದು. ಎರಡನೇ ಸಲ ಹಂತದ ಜೊತೆ ಕೀಲಕ ಅಂಶ. ಮೂರನೇ ಸಲ ಕಾರಣವೂ. ಮೂರನ್ನೂ ಒಂದೇ ಸಲಕ್ಕೆ ಸುರಿದರೆ ಕಿವಿಗೆ ಬಿದ್ದದ್ದರಲ್ಲಿ ಯಾವುದನ್ನು ಹಿಡಿಯಬೇಕು ಎಂದೇ ತಿಳಿಯುವುದಿಲ್ಲ. ಆಮೇಲೆ ಅವರ ಸರದಿ. ಮೊದಲ ಸಲ ಮಾತಿಲ್ಲದೆ ಮಾಡಲಿ. ತಪ್ಪು ಕಂಡೊಡನೆ, ಅದು ರೂಢಿಯಾಗುವ ಮುನ್ನ, ಅಲ್ಲೇ ತಡೆದು ಸರಿಮಾಡಿಸಿ. ಹತ್ತು ನಿಮಿಷದ ನೆನಪಿಸಿಕೊಳ್ಳುವ ಆಟದಲ್ಲಿ ಸುಮ್ಮನಿರಿ ಎಂದೆ, ಇಲ್ಲಿ ತಡೆಯಿರಿ ಎನ್ನುತ್ತಿದ್ದೇನೆ. ಅಲ್ಲಿ ಗೊತ್ತಿರುವುದನ್ನು ಹುಡುಕುತ್ತಿದ್ದಾರೆ, ಇಲ್ಲಿ ಇನ್ನೂ ಗೊತ್ತೇ ಇಲ್ಲ. ಎರಡನೇ ಸಲ ಹಂತ ಹೇಳುತ್ತ ಮಾಡಲಿ, ಮೂರನೇ ಸಲ ಕೀಲಕ ಅಂಶ, ನಾಲ್ಕನೇ ಸಲ ಕಾರಣ. ಕಾರಣ ಹೇಳಲು ಬಂದವರೇ ಟ್ರೈನರ್ ಇಲ್ಲದಾಗಲೂ ಆ ಕ್ರಮ ಬಿಡುವುದಿಲ್ಲ. ಕಾರಣ ಗೊತ್ತಿಲ್ಲದವರು ಟಾರ್ಗೆಟ್ ಒತ್ತಡ ಬಂದ ದಿನ ಮೊದಲು ಕೈಬಿಡುವುದು ‘ಸೂಜಿ ಒಳಗಿಟ್ಟು ಫೂಟ್ ಎತ್ತು’ ಎಂಬಂಥದ್ದನ್ನೇ.

‘ಅರ್ಥ ಆಯ್ತಾ?’ ಎಂಬ ಪ್ರಶ್ನೆಯನ್ನು ಕೋಣೆಯಿಂದ ಹೊರಹಾಕಿ. ಅದಕ್ಕೆ ನಮ್ಮಲ್ಲಿ ಇರುವುದು ‘ಹೂಂ ಸಾರ್’ ಎಂಬ ಒಂದೇ ಉತ್ತರ. ಬದಲಿಗೆ ‘ಮೂಲೆಗೆ ಬಂದಾಗ ಫೂಟ್ ಎತ್ತುವ ಮುಂಚೆ ಏನು ನೋಡಬೇಕು?’ ಎಂದು ಕೇಳಿ.

ಭಾಷೆಯ ಮಾತು. ಒಡಿಯಾ, ಹಿಂದಿ ಮಾತಾಡುವವರಿಗೆ ಹಂತದ ಹೆಸರುಗಳನ್ನು ಆಯಾ ಭಾಷೆಯಲ್ಲಿ ಎರಡೆರಡು ಪದಕ್ಕೆ ಇಳಿಸಿ ಟ್ರೈನರ್ ಬಾಯಿಪಾಠ ಮಾಡಿಕೊಳ್ಳಲಿ. ಆರು ಹಂತಕ್ಕೆ ಹನ್ನೆರಡು ಪದ, ಕಷ್ಟವಲ್ಲ. ಕಾರಣ ಹೇಳಲು ಮಾತಿಗಿಂತ ಪೀಸ್ ಒಳ್ಳೆಯದು: ಪ್ರತಿ ಕೀಲಕ ಅಂಶಕ್ಕೆ ಒಂದು ಸರಿ, ಒಂದು ಕೆಟ್ಟ ಪೀಸ್ ರಟ್ಟಿಗೆ ಅಂಟಿಸಿಡಿ. ಕೆಟ್ಟದ್ದನ್ನು ಕೈಗೆ ಕೊಟ್ಟು, ಯಾವ ಹಂತದಲ್ಲಿ ಕೆಟ್ಟಿತು ಎಂದು ಬೆರಳೆಣಿಸಿ ತೋರಿಸಲು ಹೇಳಿ. ನಾಲ್ಕು ಬೆರಳು ಎತ್ತಿದರೆ ನಾಲ್ಕನೇ ಹಂತ. ಓದು ಬಾರದವರಿಗೂ ಇದು ಪೂರ್ತಿ ಪರೀಕ್ಷೆಯೇ. ಎರಡೂ ಭಾಷೆ ಬಲ್ಲ ಸಹಕೆಲಸಗಾರರನ್ನು ದುಭಾಷಿ ಮಾಡಿಕೊಳ್ಳುವಾಗ ಒಂದು ಎಚ್ಚರ: ಅವರು ಅನುವಾದಿಸುವುದರ ಬದಲು ತಾವೇ ಬೇರೆ ರೀತಿ ಕಲಿಸಲು ಶುರುಮಾಡುತ್ತಾರೆ. ಮೊದಲು ಅವರಿಗೆ ಆ ಹಾಳೆಯ ಪ್ರಕಾರ ಕಲಿಸಿ.

ಶೇ 10, ಶೇ 90ರ ಚಿತ್ರವನ್ನು ನಿಮ್ಮ ಪ್ರೆಸೆಂಟೇಷನ್‌ನಿಂದ ತೆಗೆದುಬಿಡಿ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಪ್ರಕಟಿಸಿದ ಶಂಕುವಿನ ಚಿತ್ರದಲ್ಲಿ ಆ ಶೇಕಡಾಗಳೇ ಇರಲಿಲ್ಲ, ಆಮೇಲೆ ಯಾರೋ ಸೇರಿಸಿದ್ದು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಜನರನ್ನು ವಿಂಗಡಿಸಿ ಕಲಿಸುವುದಕ್ಕೂ ಸರಿಯಾದ ಪುರಾವೆ ಇಲ್ಲವೆಂದು 2008ರಲ್ಲಿ ಪ್ಯಾಶ್ಲರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಪಾಕೆಟ್ ಕೂರಿಸುವುದನ್ನು ಎಲ್ಲರೂ ಕಣ್ಣು, ಕೈ ಎರಡರಿಂದಲೂ ಕಲಿಯಬೇಕು.

ಲೈನ್‌ಗೆ ಹೋದ ಮೇಲೆ

ತರಬೇತಿ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಹದಿಮೂರನೇ ದಿನ ಲೈನ್‌ಗೆ ಕೂರಿಸಿದೊಡನೆ ಸೂಪರ್‌ವೈಸರ್ ಗಂಟೆಗಂಟೆಗೆ ಪೀಸ್ ಕೇಳುತ್ತಾರೆ, ಪಕ್ಕದವರು ‘ಹೀಗೆ ಮಾಡಿದರೆ ಬೇಗ ಆಗುತ್ತೆ’ ಎಂದು ಅಡ್ಡದಾರಿ ಹೇಳಿಕೊಡುತ್ತಾರೆ, ಎರಡು ದಿನಕ್ಕೆ ನಿಮ್ಮ ಕ್ರಮ ಮಾಯ. ಇದನ್ನು ತಡೆಯಲು ಪ್ರೊಡಕ್ಷನ್ ಮ್ಯಾನೇಜರ್ ಜೊತೆ ವಾರದ ಲೆಕ್ಕದಲ್ಲಿ ಮೊದಲೇ ಬರಹದ ಒಪ್ಪಂದ ಬೇಕು. ಉದಾಹರಣೆಗೆ ಪಾಕೆಟ್ ಆಪರೇಷನ್‌ಗೆ ನಿಮ್ಮ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗ ಕೊಟ್ಟ ಎಸ್‌ಎಎಂ, ಅಂದರೆ ಒಂದು ಪೀಸ್‌ಗೆ ನಿಗದಿ ಮಾಡಿದ ಸಮಯ, 0.75 ನಿಮಿಷ ಎಂದಿಟ್ಟುಕೊಳ್ಳಿ. 480 ನಿಮಿಷದ ಪಾಳಿಯಲ್ಲಿ ಶೇ 100 ಎಂದರೆ 640 ಪೀಸ್, ಶೇ 40 ಎಂದರೆ 256. ಲೈನ್‌ನ ಮೊದಲ ವಾರ ಎಣಿಕೆಯೇ ಬೇಡ, ತಪ್ಪಿಲ್ಲದ ಪೀಸ್ ಮಾತ್ರ. ಎರಡನೇ ವಾರ ಶೇ 40, ನಾಲ್ಕನೇ ವಾರ ಶೇ 55, ಎಂಟನೇ ವಾರ ಶೇ 70ರಂತೆ ಇಟ್ಟುಕೊಂಡು ನಿಮ್ಮ ಅನುಭವಕ್ಕೆ ಸರಿಯಾಗಿ ತಿದ್ದಿಕೊಳ್ಳಿ. ವೇಗ ತಾನಾಗಿ ಏರುತ್ತದೆ. ತಪ್ಪು ಕ್ರಮದ ಮೇಲೆ ಏರಿದ ವೇಗವನ್ನು ಇಳಿಸುವುದೇ ಕಷ್ಟ.

ಟ್ರೈನರ್ ಲೈನ್‌ಗೆ ಬರುವುದು ಮೊದಲ ದಿನ ಗಂಟೆಗೊಮ್ಮೆ, ಮೊದಲ ವಾರ ದಿನಕ್ಕೆ ಮೂರು ಸಲ, ಎರಡನೇ ವಾರ ದಿನಕ್ಕೊಂದು ಸಲ, ಆಮೇಲೆ ಎಂಟನೇ ವಾರದವರೆಗೆ ವಾರಕ್ಕೊಮ್ಮೆ. ಕೇಳಬೇಕೆನಿಸಿದಾಗ ಯಾರನ್ನು ಕೇಳಬೇಕು ಎಂದು ಒಬ್ಬರ ಹೆಸರನ್ನೇ ಹೇಳಿ. ‘ಯಾರನ್ನಾದರೂ ಕೇಳು’ ಎಂದರೆ ಯಾರನ್ನೂ ಕೇಳುವುದಿಲ್ಲ. ಆ ಒಬ್ಬರಿಗೆ ಈ ಹೊತ್ತಿಗೆ ತಕ್ಕ ಟಾರ್ಗೆಟ್ ರಿಯಾಯಿತಿ ಇಲ್ಲದಿದ್ದರೆ ಅವರೂ ಹೇಳಿಕೊಡುವುದಿಲ್ಲ.

ಅಳತೆ ಮೂರು ದಿನ: ಲೈನ್‌ನ ಒಂದನೇ, ಏಳನೇ, ಮೂವತ್ತನೇ ದಿನ. ಪ್ರತಿ ಸಲ ಐದು ಪೀಸ್‌ಗೆ ಸ್ಟಾಪ್‌ವಾಚ್, ಐದರಲ್ಲಿ ಸರಿಯಾದವು ಎಷ್ಟು, ಯಾವ ಹಂತದಲ್ಲಿ ಕೆಟ್ಟಿತು, ಆರು ಹಂತದಲ್ಲಿ ಎಷ್ಟನ್ನು ಹಾಳೆಯ ಪ್ರಕಾರ ಮಾಡಿದರು. ಇದರ ಜೊತೆ ಆ ಮೆಷಿನ್‌ನ ಡಿಎಚ್‌ಯು, ಅಂದರೆ ನೂರು ಪೀಸ್‌ಗೆ ಎಷ್ಟು ದೋಷ. ತರಬೇತಿಯ ಫಲ ಅಳೆಯಲು ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಹೇಳಿದ ನಾಲ್ಕು ಮಟ್ಟದಲ್ಲಿ (ಮೆಚ್ಚಿದರೇ, ಕಲಿತರೇ, ಕೆಲಸದಲ್ಲಿ ಬಳಸುತ್ತಿದ್ದಾರೆಯೇ, ಕಾರ್ಖಾನೆಗೆ ಫಲ ಬಂತೇ) ನಮ್ಮಲ್ಲಿ ಹೆಚ್ಚಿನವರು ಮೊದಲನೆಯದರಲ್ಲೇ ನಿಂತಿರುತ್ತಾರೆ.

ಅಂಕಿ ಕೆಟ್ಟದಾಗಿ ಬಂದರೆ ಮತ್ತೆ ತರಬೇತಿಗೆ ಕಳಿಸುವ ಮುನ್ನ ಅದೇ ಮೆಷಿನ್‌ನಲ್ಲಿ ಬಲ್ಲ ಟೈಲರ್ ಒಬ್ಬರನ್ನು ಐದು ಪೀಸ್‌ಗೆ ಕೂರಿಸಿ. ಅವರಿಗೂ ಕೆಟ್ಟರೆ ಮೆಷಿನ್, ಸೂಜಿ, ಕಟಿಂಗ್ ಅಥವಾ ಐರನ್‌ನಲ್ಲಿ ದೋಷವಿದೆ. ಅವರಿಗೆ ಸರಿ ಬಂದರೆ ಹಂತವಾರು ಲೆಕ್ಕ ನೋಡಿ. ಒಂದು ತಂಡದಲ್ಲಿ ಮೂರ್ನಾಲ್ಕು ಜನ ಒಂದೇ ಹಂತದಲ್ಲಿ ತಪ್ಪುತ್ತಿದ್ದರೆ ಹಾಳೆಯ ಆ ಸಾಲನ್ನು ತಿದ್ದಿ, ಮುಂದಿನ ತಂಡಕ್ಕೆ ಹೊಸ ಸಾಲಿನ ಪ್ರಕಾರ ತೋರಿಸಿ. ಒಬ್ಬರೇ ತಪ್ಪುತ್ತಿದ್ದರೆ ಅವರ ಪಕ್ಕ ಕೂತು ಆ ಒಂದು ಹಂತವನ್ನು ಮಾತ್ರ, ಬೆಳಿಗ್ಗೆ ಹತ್ತು ನಿಮಿಷ, ಮೂರು ದಿನ ಮಾಡಿಸಿ.